ನಕಾಶೆಯ ಬಿಳಿ ಗೆರೆಗಳ ಮೇಲೆ

ಸೈಕಲ್ ಸವಾರಿಗೆ ದಾರಿ ಹುಡುಕುವ ಅನೇಕರು ಫ್ರಾನ್ಸಿನಲ್ಲಿ ಇವತ್ತಿಗೂ ಕಾಗದದ ನಕಾಶೆಯನ್ನೇ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಾರೆ. ಮಿಶೆಲಿನ್ ನಕಾಶೆಯಲ್ಲಿ ದೊಡ್ಡ ರಸ್ತೆಗಳು ಕೆಂಪು, ಅದಕ್ಕಿಂತ ಚಿಕ್ಕವು ಹಳದಿ, ಉಳಿದ ಸಣ್ಣಪುಟ್ಟವೆಲ್ಲ ಬಿಳಿ. ನೋಡಲು ಚೆಂದವಿರುವ ದಾರಿಯ ಮಗ್ಗುಲಿಗೆ ಹಸಿರು ಗೆರೆ. ಏರು ಇದ್ದಲ್ಲಿ ಬಾಣದ ಮೊನೆಯಂಥ ಗುರುತು. ಒಂದಿದ್ದರೆ ನೂರಕ್ಕೆ 5ರಿಂದ 9ರಷ್ಟು ಏರು, ಎರಡಿದ್ದರೆ 9ರಿಂದ 13. ಮೂರಿದ್ದರೆ ಇಳಿದು ತಳ್ಳಿಕೊಂಡು ಹೋಗಲು ನಾಚಿಕೆ ಬೇಡ. ತುಲೂಸ್‌ನಲ್ಲಿ ಇಪ್ಪತ್ತು ವರ್ಷದಿಂದ ಇರುವ ಧಾರವಾಡದ ಗೆಳೆಯ ನನಗೆ ಕಲಿಸಿದ ಪಾಠ ಇಷ್ಟೇ: ಕೆಂಪು ಬಿಡು, ಹಳದಿ ಅನುಮಾನಿಸು, ಹಸಿರಂಚಿನ ಬಿಳಿ ಸಿಕ್ಕರೆ ಕಣ್ಣುಮುಚ್ಚಿ ಹಿಡಿ.

ಅಂಥ ಬಿಳಿ ಗೆರೆಗಳ ತವರು ದಕ್ಷಿಣ ಫ್ರಾನ್ಸಿನ ಗ್ರಾಂಡ್ ಕೋಸ್. ‘ಕೋಸ್’ ಎಂದರೆ ಅಲ್ಲಿನವರ ಮಾತಿನಲ್ಲಿ ಸುಣ್ಣಕಲ್ಲಿನ ಎತ್ತರದ ಬಯಲು. ಸೋವ್‌ತೇರ್, ಮೆಜಾನ್, ನ್ವಾರ್, ಲಾರ್ಜಾಕ್ ಎಂಬ ನಾಲ್ಕು ದೊಡ್ಡ ಬಯಲುಗಳು. ಒಂದು ಕಾಲಕ್ಕೆ ಒಂದೇ ಹಾಸಾಗಿದ್ದ ಕಲ್ಲನ್ನು ತಾರ್ನ್, ಜೋಂತ್, ದೂರ್ಬಿ ನದಿಗಳು ರೊಟ್ಟಿ ಮುರಿದ ಹಾಗೆ ಮುರಿದು ನಡುವೆ ನಾನೂರು ಐನೂರು ಮೀಟರ್ ಆಳದ ಕೊಳ್ಳಗಳನ್ನು ಕೊರೆದಿವೆ. ಗೋಕಾಕ, ನವಿಲುತೀರ್ಥ ಕಂಡವರಿಗೆ ಬಂಡೆಯ ಗೋಡೆ ಹೊಸದೇನಲ್ಲ. ಆದರೆ ನಮ್ಮದು ಮರಳುಗಲ್ಲು. ಅಲ್ಲಿಯದು ನೀರನ್ನು ಹೀರಿ ನುಂಗಿಬಿಡುವ ಸುಣ್ಣಕಲ್ಲು. ಇಡೀ ನಾಡಿನ ಹಣೆಬರಹವನ್ನು ಆ ಕಲ್ಲೇ ಬರೆದಿದೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ತಾರ್ನ್ ಮತ್ತು ಜೋಂತ್ ಕೂಡುವ ಲ ರೋಝಿಯೆ ಎಂಬ ಹಳ್ಳಿಯಿಂದ ಹೊರಟೆವು. ಜೋಂತ್ ಕೊಳ್ಳದ ರಸ್ತೆ ಮೇರ್ವೇಸ್ ಊರಿಗೆ 21 ಕಿಲೋಮೀಟರ್. ನದಿಯ ಜೊತೆಜೊತೆಗೆ ಮೆಲ್ಲಗೆ ಏರುತ್ತದೆ. ಬೆಳಗಿನ ಹೊತ್ತು ಕೊಳ್ಳದ ತಳಕ್ಕೆ ಬಿಸಿಲು ಬೀಳುವುದಿಲ್ಲ. ಮೇಲೆ ಬಂಡೆಯ ನೆತ್ತಿ ಕೇಸರಿ ಬಣ್ಣಕ್ಕೆ ತಿರುಗಿದಾಗ ರಣಹದ್ದುಗಳು ಒಂದೊಂದಾಗಿ ಗಾಳಿಗೆ ಬಿದ್ದವು. ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಏರುವ ಅವನ್ನು ನೋಡುತ್ತ ನಾನು ಎರಡು ಸಲ ರಸ್ತೆಯ ಅಂಚಿಗೆ ಹೋಗಿದ್ದೆ. 1940ರ ದಶಕದಲ್ಲಿ ಇಲ್ಲಿ ಇವು ಪೂರ್ತಿ ಅಳಿದಿದ್ದವು. 1981ರಿಂದ ಸಾಕಿ ಬಿಟ್ಟ ಹಕ್ಕಿಗಳ ಸಂತಾನ ಈಗ ನೂರಾರು ಜೋಡಿ. ಸತ್ತ ಕುರಿಗಳನ್ನು ಕುರಿಗಾರರು ಇವುಗಳಿಗೇ ಬಿಡುತ್ತಾರೆ. ಡೈಕ್ಲೋಫೆನಾಕ್ ಔಷಧಿ ಬೆರೆತ ದನದ ಹೆಣ ತಿಂದು ನಮ್ಮ ರಣಹದ್ದುಗಳು ನಾಶವಾದದ್ದೂ, ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಕೆಲವು ಹಕ್ಕಿಗಳೂ ನೆನಪಾದವು.

ಮೇರ್ವೇಸ್ ಸೈಕಲ್ ಹುಚ್ಚಿನವರಿಗೆ ಗೊತ್ತಿರುವ ಊರು. ಡಚ್ ಲೇಖಕ ಟಿಮ್ ಕ್ರಾಬೆ 1978ರಲ್ಲಿ ಬರೆದ ‘ದಿ ರೈಡರ್’ ಕಾದಂಬರಿಯ ರೇಸು ಶುರುವಾಗುವುದು ಇಲ್ಲಿಂದಲೇ. ಈ ಕೊಳ್ಳ, ಈ ಬಯಲು ಎಲ್ಲ ಅದರಲ್ಲಿವೆ. ಅವನ ಸವಾರರು ಹಲ್ಲುಕಚ್ಚಿ ಹತ್ತಿದ ದಾರಿಗಳಲ್ಲಿ ನಾವು ಒಣ ಅಂಜೂರ ತಿನ್ನುತ್ತ ಹತ್ತಿದೆವು. ಚಿಕ್ಕ ಗೇರಿಗೆ ಹಾಕಿ ತುಳಿಯುವುದರಲ್ಲಿ ಅವಮಾನವೇನಿಲ್ಲ. ಫ್ರಾನ್ಸಿನ ಸೈಕಲ್ ಪ್ರವಾಸದ ಪಿತಾಮಹ ಪೌಲ್ ದ ವಿವಿ ಗೇರು ಬದಲಿಸುವ ಸೈಕಲ್ಲಿಗಾಗಿ ಜೀವಮಾನವಿಡೀ ವಾದಿಸಿದ. ಟೂರ್ ದ ಫ್ರಾನ್ಸ್‌ನವರು ಡಿರೇಲರ್ ಗೇರನ್ನು ಒಪ್ಪಿದ್ದು 1937ರಲ್ಲಿ, ಅವನು ತೀರಿಕೊಂಡು ಏಳು ವರ್ಷ ಕಳೆದ ಮೇಲೆ.

ಏರು ಮುಗಿದದ್ದೇ ತಡ, ಆಕಾಶ ಒಮ್ಮೆಲೇ ಅಗಲವಾಯಿತು. ಕೋಸ್ ಮೆಜಾನ್ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರ. ಗಿಡಮರ ಅಪರೂಪ, ಗಾಳಿಗೆ ಬಾಗುವ ಬೆಳ್ಳಿ ಕೂದಲಿನಂಥ ಹುಲ್ಲು, ಹೊಲದಿಂದ ಆರಿಸಿ ಗುಡ್ಡೆ ಹಾಕಿದ ಕಲ್ಲಿನ ರಾಶಿಗಳು. ನೆಲ ಬಟ್ಟಲಿನ ಹಾಗೆ ಕುಸಿದಲ್ಲಿ ಮಾತ್ರ ಕೆಂಪು ಮಣ್ಣು ನಿಂತು ಪೈರು ಹಸಿರಾಗಿದೆ. ಮಳೆಯ ನೀರು ನೆಲದ ಮೇಲೆ ಹರಿಯುವುದೇ ಇಲ್ಲ; ಕಲ್ಲಿನ ಬಿರುಕಿನಲ್ಲಿ ಇಳಿದು, ಒಳಗೆ ಆವೆನ್ ಆರ್ಮಾನ್‌ನಂಥ ಗವಿಗಳನ್ನು ಕೊರೆದು, ಕೆಳಗೆ ತಾರ್ನ್ ದಂಡೆಯಲ್ಲಿ ಊಟೆಗಳಾಗಿ ಹೊರಬೀಳುತ್ತದೆ. ಕುರಿಗಳಿಗಾಗಿ ಕಲ್ಲುಹಾಸಿನ ದುಂಡನೆ ಹೊಂಡ ಕಟ್ಟಿ ಮಳೆನೀರು ಹಿಡಿಯುತ್ತಾರೆ. ಅದಕ್ಕೆ ‘ಲಾವೋಞ್’ ಎನ್ನುತ್ತಾರೆ.

ಸೈಕಲ್ಲಿನವರಿಗೆ ಆ ಹೊಂಡದಿಂದ ಉಪಯೋಗವಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಎರಡೂ ಬಾಟಲಿ ಖಾಲಿ. ಹಾದುಹೋದ ಹಳ್ಳಿ ಎಂದರೆ ಏಳೆಂಟು ಕಲ್ಲುಮನೆ. ಬಾಗಿಲ ಮೇಲೆ ಮೊಳೆ ಹೊಡೆದ ದೊಡ್ಡ ಮುಳ್ಳಿನ ಹೂವು. ಮಳೆ ಬರುವ ಮುಂಚೆ ಆ ಹೂವು ಮುಚ್ಚಿಕೊಳ್ಳುತ್ತದಂತೆ. ಅವತ್ತು ಅಗಲವಾಗಿ ಅರಳಿತ್ತು, ಬಾಗಿಲು ಮುಚ್ಚಿತ್ತು. ಗೆಳೆಯ ನನ್ನನ್ನು ಸೀದಾ ಊರ ಸ್ಮಶಾನಕ್ಕೆ ಕರೆದೊಯ್ದ. ಗೋರಿಯ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಹಾಕಿರುತ್ತಾರೆ; ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕವಿಲ್ಲದಿದ್ದರೆ ಫ್ರಾನ್ಸಿನ ಸೈಕಲ್ ಸವಾರರಿಗೆ ಅದೇ ಅರವಟ್ಟಿಗೆ. ನಾನು ಬಾಟಲಿ ಹಿಡಿದು ಅನುಮಾನಿಸುತ್ತ ನಿಂತಿದ್ದೆ. “ಕುಡಿಯಲೇ, ಅವರಿಗೇನ್ ಇನ್ನ ನೀರಡಿಕಿ ಆಗಂಗಿಲ್ಲ” ಅಂದ.

ಸ್ಮಶಾನದ ಕಲ್ಲುಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆವು: ಬಯಲಿಗೆ ಬಂದ ಮೇಲೆ ಎದುರಾದ ವಾಹನ ಮೂರು. ಹಳದಿ ಬಣ್ಣದ ಅಂಚೆ ವ್ಯಾನು, ಒಂದು ಟ್ರ್ಯಾಕ್ಟರ್, ಕುರಿ ತುಂಬಿದ ಒಂದು ಟ್ರೇಲರ್. ಉಳಿದಂತೆ ಬಾನಾಡಿಯ ಹಾಡು, ಚೈನಿನ ಸದ್ದು, ಗಾಳಿ. ಬೆಂಗಳೂರಿನಲ್ಲಿ ಇಷ್ಟು ಮೌನ ಬೇಕೆಂದರೆ ಬೆಳಗಿನ ನಾಲ್ಕಕ್ಕೆ ಏಳಬೇಕು. ಆಗಲೂ ನಾಯಿಗಳು ಬಿಡುವುದಿಲ್ಲ.

ಈ ಮೌನ ಎಲ್ಲಿಂದ ಬಂತು? ಒಂದು ಪಾಲು ನೀರಿಲ್ಲದ ಕಲ್ಲಿನದು. ಬದುಕಲಾರದೆ ಜನ ತಲೆಮಾರುಗಳಿಂದ ಊರು ಬಿಟ್ಟರು; ಮೆಜಾನ್ ಬಯಲಿನಲ್ಲಿ ಈಗ ಚದರ ಕಿಲೋಮೀಟರಿಗೆ ಇಬ್ಬರು ಸಿಕ್ಕರೆ ಹೆಚ್ಚು. ನಮಗೆ ಸುಖವೆನಿಸುವ ಖಾಲಿ ರಸ್ತೆಯ ಹಿಂದೆ ಮುಚ್ಚಿದ ಶಾಲೆಗಳಿವೆ ಎಂಬುದನ್ನು ಪ್ರವಾಸಿ ಮರೆಯಬಾರದು. ಇನ್ನೊಂದು ಪಾಲು ಎ75 ಹೆದ್ದಾರಿಯದು. 2004ರ ಡಿಸೆಂಬರಿನಲ್ಲಿ ಮಿಯೊ ಪಟ್ಟಣದ ಬಳಿ 343 ಮೀಟರ್ ಎತ್ತರದ ಸೇತುವೆ ತೆರೆದ ಮೇಲೆ ಲಾರಿಗಳೆಲ್ಲ ಕೊಳ್ಳದ ಮೇಲಿಂದಲೇ ದಾಟಿ ಹೋಗತೊಡಗಿದವು.

ಮೂರನೆಯ ಪಾಲು ಹೋರಾಟದ್ದು. ಪಕ್ಕದ ಲಾರ್ಜಾಕ್ ಬಯಲಿನಲ್ಲಿದ್ದ 3,000 ಹೆಕ್ಟೇರಿನ ಸೇನಾ ಶಿಬಿರವನ್ನು 17,000 ಹೆಕ್ಟೇರಿಗೆ ಹಿಗ್ಗಿಸುವುದಾಗಿ 1971ರಲ್ಲಿ ಸರ್ಕಾರ ಹೇಳಿತು. ಮರುವರ್ಷ 103 ರೈತರು ಭೂಮಿ ಮಾರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಅವರಿಗಾಗಿ ಉಪವಾಸ ಕೂತವನು ಲಾಂಜಾ ದೆಲ್ ವಾಸ್ತೊ. 1930ರ ದಶಕದಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯವರಿಂದ ‘ಶಾಂತಿದಾಸ’ ಎಂಬ ಹೆಸರು ಪಡೆದವನು. ರೈತರು ಕುರಿಗಳನ್ನು ಐಫೆಲ್ ಗೋಪುರದ ಕೆಳಗೆ ಮೇಯಲು ಬಿಟ್ಟರು. ಹತ್ತು ವರ್ಷ ಎಳೆದಾಡಿ 1981ರಲ್ಲಿ ಅಧ್ಯಕ್ಷ ಮಿತ್ತೆರಾನ್ ಯೋಜನೆಯನ್ನು ಕೈಬಿಟ್ಟರು. 1999ರಲ್ಲಿ ನಮ್ಮ ರೈತಸಂಘದವರು ಯೂರೋಪಿನಲ್ಲಿ ಜಾಥಾ ನಡೆಸಿದಾಗ ಫ್ರಾನ್ಸಿನಲ್ಲಿ ಅವರ ಜೊತೆ ನಿಂತವರಲ್ಲಿ ಇದೇ ಲಾರ್ಜಾಕ್‌ನ ಕುರಿಗಾರ ಜೋಸೆ ಬೊವೆ ಕೂಡ ಇದ್ದ. ಆ ಶಿಬಿರ ಹಿಗ್ಗಿದ್ದರೆ ಅಲ್ಲಿನ ಬಿಳಿ ಗೆರೆಗಳ ಮೇಲೆ ಇವತ್ತು ಟ್ಯಾಂಕುಗಳು ಓಡುತ್ತಿದ್ದವು.

ಸಂಜೆ ಲಾ ಮಲೆನ್ ಕಡೆಗೆ ಇಳಿದೆವು. ಕೈ ಚಾಚಿದರೆ ಕೆಳಗಿನ ಚಾವಣಿ ಮುಟ್ಟಬಹುದೇನೋ ಎಂಬಷ್ಟು ಕಡಿದಾದ ಇಳಿಜಾರು, ಒಂದರ ಮೇಲೊಂದು ಹೇರ್‌ಪಿನ್ ತಿರುವು, ಪಕ್ಕಕ್ಕೆ ಮೊಣಕಾಲೆತ್ತರದ ಕಲ್ಲುಗೋಡೆ. ಇಲ್ಲಿಗೆ ದೂರವಲ್ಲದ ಪೆರ್ಜುರೆ ಘಾಟಿಯ ಇಳಿಜಾರಿನಲ್ಲಿ 1960ರ ಟೂರ್ ದ ಫ್ರಾನ್ಸ್ ನಡೆದಾಗ ರೋಜೆ ರಿವಿಯೇರ್ ಕಮರಿಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಮತ್ತೆ ರೇಸಿಗೆ ಇಳಿಯಲೇ ಇಲ್ಲ. ಎರಡೂ ಬ್ರೇಕು ಹಿಡಿದು, ಅಂಗೈ ನೋಯುವಷ್ಟು ಹಿಡಿದು, ನದಿಯ ಮಟ್ಟಕ್ಕೆ ಬಂದೆ.

ತಾರ್ನ್ ಕೊಳ್ಳದ ರಸ್ತೆ ಆಗಸ್ಟಿನಲ್ಲಾದರೆ ಕ್ಯಾಂಪರ್ ವ್ಯಾನುಗಳ ಜಾತ್ರೆ. ಜೂನಿನ ಸಂಜೆಗೆ ಹೆಚ್ಚುಕಡಿಮೆ ನಮ್ಮದೇ. ಬಂಡೆಯಲ್ಲಿ ಕೊರೆದ ಸುರಂಗವೊಂದನ್ನು ದಾಟಿದ ಮೇಲೆ ಹಿಂದಿನಿಂದ ಕಾರಿನ ಸದ್ದು ಕೇಳಿಸಿತು. ಊರಾಚೆ ಸೈಕಲ್ಲನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬುದು ಅಲ್ಲಿಯ ಕಾನೂನು. ಅದು ನನಗೆ ಗೊತ್ತಿತ್ತು, ನನ್ನ ಕಾಲಿಗೆ ಗೊತ್ತಿರಲಿಲ್ಲ. ಬೆಂಗಳೂರಿನ ಅಭ್ಯಾಸಬಲದಿಂದ ಸರಕ್ಕನೆ ಜಲ್ಲಿಗೆ ಇಳಿಸಿ, ಕಾಲೂರಿ, ಗೋಡೆಗೆ ಆತು ನಿಂತೆ. ಕಾರೂ ನಿಂತಿತು. ವಯಸ್ಸಾದ ಹೆಂಗಸೊಬ್ಬರು ಗಾಜು ಇಳಿಸಿ, ಗಾಬರಿಯಿಂದ “ಸಾ ವಾ?” ಎಂದು ಕೇಳಿದರು. ಹುಷಾರಾಗಿದ್ದೀಯಾ ಎಂದು.