ಪುಣೆಯ ಪಿಜಿಯಲ್ಲಿದ್ದೀರಾ? ಇದನ್ನು ಇವತ್ತೇ ನೋಡಿಕೊಳ್ಳಿ

ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಓದೋಕೆ ಪುಣೆಗೆ ಬಂದಿದ್ದೀರಾ? ಹಾಗಾದ್ರೆ ಹೇಳಿ, ಬೆಂಕಿ ಬಿದ್ರೆ ತಪ್ಪಿಸಿಕೊಳ್ಳೋಕೆ ನಿಮ್ಮ ಹಾಸ್ಟೆಲಿನ ಎರಡನೇ ಮೆಟ್ಟಿಲ ದಾರಿ ಎಲ್ಲಿದೆ?

2021ರ ಜನವರಿ 21. ಇದೇ ಪುಣೆಯ ಮಾಂಜರಿಯಲ್ಲಿ ಸೀರಮ್ ಇನ್‌ಸ್ಟಿಟ್ಯೂಟಿನ ಕಟ್ಟಡಕ್ಕೆ ಬೆಂಕಿ ಬಿದ್ದು 5 ಜನ ಸತ್ತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಜೀವ ಕಳಕೊಂಡರು. ಅಲ್ಲಿ ಜನರನ್ನು ಕಂಗೆಡಿಸಿದ್ದು ಹೊಗೆ.

ಹೊಗೆ ಮೇಲಕ್ಕೆ ಏರುತ್ತೆ, ಉಸಿರಾಡೋ ಗಾಳಿ ನೆಲದ ಹತ್ತಿರ ಉಳಿಯುತ್ತೆ. ಅದಕ್ಕೇ ಬಗ್ಗಿ, ತೆವಳಿಕೊಂಡು ಹೊರಗೆ ಬನ್ನಿ. ಲಿಫ್ಟ್ ಬೇಡವೇ ಬೇಡ.

ಬಾಗಿಲು ತೆರೆಯೋ ಮುಂಚೆ ಹಿಂಗೈಯಿಂದ ಮುಟ್ಟಿ ನೋಡಿ. ಬಿಸಿ ಇದ್ರೆ ತೆರೀಬೇಡಿ. ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿ ಹತ್ರ ನಿಂತು 101 ಅಥವಾ 112ಕ್ಕೆ ಫೋನ್ ಮಾಡಿ.

ಗೋಡೆಯ ಮೇಲಿನ, ಬೆಂಕಿ ಆರಿಸೋ ಕೆಂಪು ಸಿಲಿಂಡರ್ ನೋಡಿ. ಮೀಟರಿನ ಮುಳ್ಳು ಹಸಿರು ಭಾಗದಲ್ಲಿರಬೇಕು. ಬಳಸೋದು ಹೀಗೆ: ಪಿನ್ ಎಳೀರಿ, ಬೆಂಕಿಯ ಬುಡಕ್ಕೆ ಗುರಿಯಿಡಿ, ಹಿಡಿ ಅದುಮಿ, ಅತ್ತಿಂದಿತ್ತ ಆಡಿಸಿ. ಬೆಂಕಿ ದೊಡ್ಡದಾದ್ರೆ ಸಾಹಸ ಬೇಡ, ಹೊರಗೆ ನಡೀರಿ.

ರೂಮಲ್ಲಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಂಡಕ್ಷನ್ ಒಲೆ, ಕೆಟಲ್, ಇಸ್ತ್ರಿಪೆಟ್ಟಿಗೆ ಎಲ್ಲಾ ಚುಚ್ಚಬೇಡಿ. ವೈರ್ ಕಾದು ಹೊತ್ತಿಕೊಳ್ಳುತ್ತೆ.

ಮಹಾರಾಷ್ಟ್ರದ 2006ರ ಅಗ್ನಿಸುರಕ್ಷತಾ ಕಾಯ್ದೆ ಪ್ರಕಾರ, ಬೆಂಕಿ ತಡೆ ಉಪಕರಣಗಳು ಸರಿಯಾಗಿವೆ ಅಂತ ಕಟ್ಟಡದವರು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, 'ಫಾರ್ಮ್ ಬಿ' ಪ್ರಮಾಣಪತ್ರ ಕೊಡಬೇಕು.

ಬಾಡಿಗೆ ಕಟ್ಟೋರು ನೀವು. ಆ ಪತ್ರ ತೋರಿಸಿ ಅಂತ ವಾರ್ಡನ್‌ನ ಇವತ್ತೇ ಕೇಳಿ.