ಸೀಡರ್ ನದಿಯಿಂದ ಕಣಕುಂಬಿಗೆ

ಮಕ್ಕಳು ವಿದೇಶದಲ್ಲಿ ನೆಲೆಸಿದ ಮೇಲೆ ನಮ್ಮಂಥ ನಿವೃತ್ತರಿಗೆ ಆರು ತಿಂಗಳ ಪರದೇಶವಾಸವೆಂಬುದು ಸರದಿಯ ಕರ್ತವ್ಯವೇ ಆಗಿಬಿಟ್ಟಿದೆ. ಬೆಳಗಾವಿಯ ಸದಾಶಿವನಗರದಲ್ಲಿ ನಾವಿರುವ ರಸ್ತೆಯಲ್ಲೇ ಪ್ರತಿ ಬೇಸಿಗೆಯಲ್ಲಿ ನಾಲ್ಕೈದು ಮನೆಗಳಿಗೆ ಬೀಗ ಬೀಳುತ್ತದೆ. 2023ರ ಮೇ ತಿಂಗಳಲ್ಲಿ ನಮ್ಮ ಮನೆಗೂ ಬಿತ್ತು. ಕುಂದಾದ ಡಬ್ಬಿ, ಶೇಂಗಾ ಚಟ್ನಿ, ಔಷಧಿಗಳ ಗಂಟು ಹೊತ್ತು ನಾನು ಮತ್ತು ನನ್ನ ಹೆಂಡತಿ ಅಮೆರಿಕದ ಸಿಯಾಟಲ್ ನಗರದ ಪಕ್ಕದ ಬೆಲ್ವ್ಯೂನಲ್ಲಿರುವ ಮಗಳ ಮನೆ ತಲುಪಿದೆವು.

ಅಲ್ಲಿಯ ಕನ್ನಡಿಗರ ಸಂಘದ ಹೆಸರು ಸಹ್ಯಾದ್ರಿ ಕನ್ನಡ ಸಂಘ. ಸಹ್ಯಾದ್ರಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ನನಗೆ ಸಾಗರಗಳಾಚೆ ಆ ಹೆಸರು ಕೇಳಿ ಮೊದಲು ನಗು ಬಂತು, ಆಮೇಲೆ ಸಂಕೋಚವಾಯಿತು. ಅವರು ನೆನಪಿನಲ್ಲಿ ಇಟ್ಟುಕೊಂಡದ್ದನ್ನು ನಾವು ಕಣ್ಣೆದುರಿಗಿದ್ದೂ ನೋಡಿರಲಿಲ್ಲ.

ಸಿಯಾಟಲ್ ಎಂದರೆ ಸದಾ ಮಳೆಯ ಊರು ಎಂಬ ಖ್ಯಾತಿ. ಆದರೆ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಸಾವಿರ ಮಿಲಿಮೀಟರ್ ಮಾತ್ರ. ನಮ್ಮ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಬೀಳುವುದು ಅದರ ಹಲವು ಪಟ್ಟು. ಅಲ್ಲಿಯದು ವರ್ಷದ ಬಹುಭಾಗ ಹರಡಿ ಬೀಳುವ ಜಿನುಗು ಮಳೆ. ಬೇಸಿಗೆ ಮಾತ್ರ ಒಣ. ಆ ಒಣ ತಿಂಗಳುಗಳಲ್ಲೂ ನಲ್ಲಿಯಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು. ಬಾಟಲಿಯಿಲ್ಲ, ಮನೆಯಲ್ಲಿ ಶುದ್ಧೀಕರಣ ಯಂತ್ರವಿಲ್ಲ. ಮಗಳು ಅಡುಗೆಮನೆಯ ನಲ್ಲಿಗೆ ಲೋಟ ಹಿಡಿದು ಕುಡಿಯಲು ಕೊಟ್ಟಳು. ನನ್ನ ಹೆಂಡತಿ ಮೊದಲ ವಾರ ಅದನ್ನು ಕಾಯಿಸಿ ಆರಿಸಿಯೇ ಕುಡಿದಳು.

ಜುಲೈನಲ್ಲಿ ನಮ್ಮನ್ನು ಬಲ್ಲಾರ್ಡ್ ಎಂಬಲ್ಲಿಗೆ ಕರೆದೊಯ್ದರು. ಸಮುದ್ರಕ್ಕೂ ಒಳನಾಡಿನ ಸರೋವರಕ್ಕೂ ನಡುವೆ ಹಡಗುಗಳನ್ನು ಏರಿಸಿ ಇಳಿಸುವ, 1917ರಲ್ಲಿ ಆರಂಭವಾದ ಕಾಲುವೆದ್ವಾರ ಅಲ್ಲಿದೆ. ಅದರ ಪಕ್ಕದಲ್ಲಿ ಮೀನುಗಳಿಗೆಂದೇ ಕಟ್ಟಿದ 21 ಮೆಟ್ಟಿಲುಗಳ ನೀರಿನ ಏಣಿ. ಸಿಹಿನೀರಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದ ಸಾಲ್ಮನ್ ಮೀನು ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತದೆ. ಗಾಜಿನ ಕಿಟಕಿಯಾಚೆ ಒಂದೊಂದೇ ಮೀನು ಪ್ರವಾಹಕ್ಕೆ ಎದುರಾಗಿ ನಿಂತು, ಉಸಿರು ಹಿಡಿದಂತೆ ಕ್ಷಣಕಾಲ ತಡೆದು, ಮುಂದಿನ ಮೆಟ್ಟಿಲಿಗೆ ನುಗ್ಗುತ್ತಿತ್ತು. ಅಲ್ಲಿಂದ ಸರೋವರ ದಾಟಿ ಅವುಗಳಲ್ಲಿ ಹಲವು ಸೇರುವುದು ಸೀಡರ್ ನದಿಯನ್ನು. ನಮ್ಮ ಲೋಟಕ್ಕೆ ಬರುತ್ತಿದ್ದುದೂ ಬಹುಪಾಲು ಅದೇ ನದಿಯ ನೀರು.

ಆ ನದಿಯ ಮೇಲ್ಭಾಗಕ್ಕೆ ಸೆಪ್ಟೆಂಬರಿನಲ್ಲಿ ಹೋದೆವು. ಮೇಲ್ಭಾಗವೆಂದರೆ ಅದರ ಅಂಚಿಗೆ ಮಾತ್ರ. ಒಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಸಿಯಾಟಲ್ ನಗರಸಭೆ ಸುಮಾರು 90 ಸಾವಿರ ಎಕರೆ ಕಾಡನ್ನು, ಅಂದರೆ ಸುಮಾರು 366 ಚದರ ಕಿಲೋಮೀಟರ್ ಪ್ರದೇಶವನ್ನು, ಕುಡಿಯುವ ನೀರಿಗಾಗಿ ತಾನೇ ಕೊಂಡು ಇಟ್ಟುಕೊಂಡಿದೆ. 1889ರಲ್ಲಿ ನಗರ ಬೆಂಕಿಗೆ ಆಹುತಿಯಾದಾಗ ಖಾಸಗಿ ಕಂಪನಿಗಳ ನೀರು ಸಾಲದೇ ಹೋಯಿತು. ನೀರು ಸಾರ್ವಜನಿಕರದ್ದೇ ಆಗಬೇಕೆಂದು ನಾಗರಿಕರು ಮತ ಹಾಕಿದರು. 1901ರಲ್ಲಿ ಸೀಡರ್ ನೀರು ನಗರ ತಲುಪಿತು. ಇಂದಿಗೂ ಆ ನೀರಿಗೆ ಓಝೋನ್, ಅತಿನೇರಳೆ ಕಿರಣ, ಕ್ಲೋರಿನ್‌ಗಳ ಸಂಸ್ಕಾರವುಂಟು, ಸೋಸುವಿಕೆಯಿಲ್ಲ. ಸೋಸುವ ಕೆಲಸವನ್ನು ಕಾಡೇ ಮಾಡುತ್ತದೆ.

ಅರ್ಥಶಾಸ್ತ್ರ ಓದಿದವನಿಗೆ ಇದು ಹೊಸ ಪಾಠವೇನಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಸಾರ್ವಜನಿಕ ಸರಕು, ಬಾಹ್ಯ ಪರಿಣಾಮ ಎಂದೆಲ್ಲ ಪರೀಕ್ಷೆಗೆ ಬರೆದು ಅಂಕ ಗಳಿಸಿದ್ದೆ. ಆದರೆ ಸೇವೆಯಲ್ಲಿದ್ದಷ್ಟು ಕಾಲ ನನ್ನ ಕಡತಗಳಲ್ಲಿ ಕಾಡು ಬಂದದ್ದು ಎಕರೆ, ಗುಂಟೆ ಮತ್ತು ಮರದ ಘನ ಅಡಿಗಳ ಲೆಕ್ಕದಲ್ಲಿ. ಕಾಡಿನ ಉತ್ಪನ್ನ ನೀರು ಎಂದು ಬರೆಯುವ ಕಲಂ ಯಾವ ನಮೂನೆಯಲ್ಲೂ ಇರಲಿಲ್ಲ.

ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಮರೆತು ಬರೆಯುತ್ತಿಲ್ಲ. ಆ ಕಾಡಿನ ಬಹುಭಾಗವನ್ನು ಅವರೇ ಒಮ್ಮೆ ಕಡಿದು ಮಾರಿದ್ದರು. ವಾಣಿಜ್ಯ ಮರ ಕಡಿತವನ್ನು ಪೂರ್ತಿ ನಿಲ್ಲಿಸುವ 50 ವರ್ಷಗಳ ಯೋಜನೆ ಜಾರಿಗೆ ಬಂದದ್ದು 2000ದಲ್ಲಿ. ನಾವು ನಿಂತಿದ್ದ ರ‍್ಯಾಟಲ್‌ಸ್ನೇಕ್ ಸರೋವರದ ತಳದಲ್ಲಿ ಒಂದು ಊರೇ ಇತ್ತು. ಮೇಲೆ ಕಟ್ಟಿದ ಅಣೆಕಟ್ಟಿನ ನೀರು ಗುಡ್ಡದೊಳಗಿಂದ ಒಸರಿ 1915ರಲ್ಲಿ ಮೊಂಕ್ಟನ್ ಎಂಬ ಆ ಊರು ಮೆಲ್ಲಗೆ ಮುಳುಗಿತು. ಸುಮಾರು 200 ಜನ ಮನೆ ಬಿಟ್ಟರು, ನಗರವೇ ಪರಿಹಾರ ತೆರಬೇಕಾಯಿತು. ನೀರಿಳಿದ ದಂಡೆಯಲ್ಲಿ ಹಳೆಯ ಮರಗಳ ಬೊಡ್ಡೆಗಳು ಇನ್ನೂ ಕಾಣುತ್ತವೆ. ಅವನ್ನು ನೋಡುವಾಗ ನನಗೆ ನೆನಪಾದದ್ದು ಮಲಪ್ರಭೆಗೆ ಅಡ್ಡಲಾಗಿ ಎದ್ದ ನವಿಲುತೀರ್ಥದ ಅಣೆಕಟ್ಟು, ಅದರ ಹಿನ್ನೀರಿಗೆ ಹೊಲಮನೆ ಕೊಟ್ಟವರು. ಮೂಲನಿವಾಸಿಗಳಿಗೆ ಆದ ಅನ್ಯಾಯವಂತೂ ಇನ್ನೂ ಹಳೆಯದು. ಒಪ್ಪಂದ ಮಾಡಿಕೊಂಡ ಬುಡಕಟ್ಟುಗಳಿಗೆ ಮೀನಿನ ಅರ್ಧ ಪಾಲು ಸಲ್ಲಬೇಕೆಂದು ನ್ಯಾಯಾಲಯ ಹೇಳಿದ್ದು 1974ರಲ್ಲಿ. ಮಕಲ್‌ಶೂಟ್ ಬುಡಕಟ್ಟಿನವರು ಸೀಡರ್ ಕಾಡಿನೊಳಗೆ ಬೇಟೆಗೂ ಸಂಗ್ರಹಕ್ಕೂ ಹೋಗಬಹುದೆಂದು ನಗರ ಒಪ್ಪಿದ್ದು 2006ರಲ್ಲಿ. ಇಷ್ಟಾದರೂ ಆ ನದಿಯ ಸಾಕೈ ಸಾಲ್ಮನ್ ಸಂಖ್ಯೆ ಬಹಳ ಇಳಿದಿದೆ. ತಪ್ಪು ತಿದ್ದುವುದಕ್ಕೆ ಎಷ್ಟು ತಡವಾದರೆ ಎಷ್ಟು ನಷ್ಟ ಎಂಬುದಕ್ಕೂ ಅದು ಉದಾಹರಣೆಯೇ.

ಸರೋವರದ ದಂಡೆಯಲ್ಲಿ ಕೂತಿದ್ದಾಗ ಹತ್ತು ವರ್ಷದ ಮೊಮ್ಮಗಳು ಕೇಳಿದಳು: ‘ಅಜ್ಜಾ, ನಿಮ್ಮನಿ ನಳಕ್ಕ ನೀರು ಎಲ್ಲಿಂದ ಬರ್ತಾವ?’

‘ರಾಕಸಕೊಪ್ಪದಿಂದ, ಹಿಡಕಲ್ ಡ್ಯಾಮಿನಿಂದ’ ಎಂದೆ.

‘ಅದಕ್ಕೂ ಮೊದಲು?’

ಅವಳು ತನ್ನ ಶಾಲೆಯಿಂದ ಈ ಕಾಡಿನಂಚಿನ ಶಿಕ್ಷಣ ಕೇಂದ್ರಕ್ಕೆ ಬಂದು ತನ್ನ ಲೋಟದ ನೀರಿನ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿದ್ದವಳು. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆ ಮಾಡಿದ ನಾನು ಮಾರ್ಕಂಡೇಯ ನದಿ, ಬೈಲೂರು ಗುಡ್ಡ ಎಂದು ತೊದಲಿದೆ. ನೀವು ನೋಡೀರೇನು ಎಂದಳು. ಇಲ್ಲ ಎಂದೆ.

ಆ ಇಲ್ಲವೇ ನನ್ನನ್ನು ಊರಿಗೆ ಮರಳಿದ ಮೇಲೆ ಖಾನಾಪುರದ ಕಾಡಿಗೆ ಕರೆದೊಯ್ದಿತು. ಜಾಂಬೋಟಿ ದಾಟಿ ಚೋರ್ಲಾ ರಸ್ತೆಯಲ್ಲಿ ಕಣಕುಂಬಿಗೆ ಹೋದೆವು. ಮಲಪ್ರಭೆ ಹುಟ್ಟುವ ಕುಂಡದಲ್ಲಿ ನನ್ನ ಹೆಂಡತಿ ಕೈಮುಗಿದು ನೀರನ್ನು ಕಣ್ಣಿಗೊತ್ತಿಕೊಂಡಳು. ಈ ಸಲ ಕಾಯಿಸಿ ಆರಿಸುವ ಮಾತು ಬರಲಿಲ್ಲ. ಮಲಪ್ರಭೆ ಮತ್ತು ಮಾರ್ಕಂಡೇಯ ಪೂರ್ವಕ್ಕೆ, ಮಹದಾಯಿ ಪಶ್ಚಿಮಕ್ಕೆ ಹರಿಯುವ ಈ ಒಂದೇ ತಾಲ್ಲೂಕು ಹುಬ್ಬಳ್ಳಿ-ಧಾರವಾಡದಿಂದ ಗೋವೆಯವರೆಗೆ ಎಷ್ಟು ಲೋಟಗಳನ್ನು ತುಂಬುತ್ತಿದೆ! ಮಹದಾಯಿ ನ್ಯಾಯಮಂಡಳಿ 2018ರಲ್ಲಿ ನಮ್ಮ ರಾಜ್ಯಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ ಅಡಿ. ಆ ಒಂದೊಂದು ಹನಿಗಾಗಿ ನಾವು ಹೋರಾಡಿದ್ದೇವೆ, ಹೋರಾಡಲೂಬೇಕು. ಆದರೆ ಆ ಹನಿಯನ್ನು ಹಿಡಿದಿಟ್ಟು ಬಿಡುವ ಕಾಡಿನ ಬಗ್ಗೆ ಅಷ್ಟೇ ದನಿಯಲ್ಲಿ ಮಾತನಾಡಿದ್ದೇವೆಯೇ?

2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್, ಸೀಡರ್ ಕಾಡಿನ ಅರ್ಧಕ್ಕಿಂತ ತುಸು ಹೆಚ್ಚು. ಅಪರೂಪದ ಬಾವಲಿಗಳ ಬಾರಾಪೇಡೆ ಗುಹೆಗಳು ಅಲ್ಲಿವೆ. ಅಲ್ಲಿ ಊರುಗಳೂ ಇವೆ. ಸೇವೆಯ ಆರಂಭದ ವರ್ಷಗಳಲ್ಲಿ ಇಂಥದೇ ಒಂದು ಕಾಡಂಚಿನ ಊರಿನ ಹಿರಿಯರು ಹಳ್ಳಕ್ಕೊಂದು ಕಾಲುಸಂಕ ಬೇಕೆಂದು ನನ್ನ ಬಳಿ ಬಂದಿದ್ದರು. ಮಳೆಗಾಲದಲ್ಲಿ ಬಸುರಿಯರನ್ನೂ ರೋಗಿಗಳನ್ನೂ ಹೊತ್ತು ದಾಟಬೇಕೆಂದರು. ಸಂಬಂಧಿಸಿದ ಇಲಾಖೆಯ ಅಭಿಪ್ರಾಯ ಪಡೆಯುವುದು ಎಂದು ಷರಾ ಬರೆದು ಕಡತವನ್ನು ಮುಂದೆ ಕಳಿಸಿದೆ. ಆಮೇಲೆ ವರ್ಗಾವಣೆಯಾಯಿತು, ಆ ಕಡತ ಏನಾಯಿತೆಂದು ನಾನು ವಿಚಾರಿಸಲೇ ಇಲ್ಲ. 2024ರ ಜುಲೈನಲ್ಲಿ ಭೀಮಗಡದ ಆಮಗಾಂವದಿಂದ ಕಾಯಿಲೆಬಿದ್ದ ಮಹಿಳೆಯನ್ನು ಊರವರು ಮಳೆಯಲ್ಲಿ ಕಿಲೋಮೀಟರ್‌ಗಟ್ಟಲೆ ಹೊತ್ತು ತಂದ ಸುದ್ದಿ ಓದಿದಾಗ ಆ ಷರಾ, ಅದರ ಕೆಳಗಿನ ನನ್ನ ಸಹಿ ಕಣ್ಣಮುಂದೆ ಬಂದವು.

ಕಾಡೂ ಉಳಿಯಬೇಕು, ಕಾಡಿನ ಜನರೂ ಬದುಕಬೇಕು. ತಳೇವಾಡಿಯಂಥ ಊರಿನವರು ಪ್ರತಿ ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರದ ಯೋಜನೆಯಲ್ಲಿ ಸ್ವಇಚ್ಛೆಯಿಂದ ಹೊರಬರಲು ಒಪ್ಪಿದ್ದಾರೆ. ಒಪ್ಪಿದವರಿಗೆ ಹಣದ ಜತೆಗೆ ಭೂಮಿ, ಶಾಲೆ, ಕೆಲಸ ಸಿಗಬೇಕು. ಒಪ್ಪದವರಿಗೆ ಕಾಡು ಕೆಡದಂತೆ ಕಾಲುಸಂಕ, ಆಂಬುಲೆನ್ಸ್, ದಾದಿ ಸಿಗಬೇಕು. ಈ ಖರ್ಚು ಯಾರದು? ಸಿಯಾಟಲ್‌ನಲ್ಲಿ ಕಾಡಿನ ರಕ್ಷಣೆಯ ವೆಚ್ಚ ನೀರಿನ ಬಿಲ್ಲಿನಿಂದಲೇ ಹೋಗುತ್ತದೆ. ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳ ನೀರಿನ ಬಿಲ್ಲಿನಲ್ಲೂ ಕಾಡಿಗಾಗಿ, ಕಾಡಿನವರಿಗಾಗಿ ಎಂದು ಸಣ್ಣದೊಂದು ಮೊತ್ತ ಏಕಿರಬಾರದು? ಅದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಲೆಕ್ಕವನ್ನು ಪ್ರತಿ ವರ್ಷ ಜನರ ಮುಂದಿಟ್ಟರೆ ಕೊಡಲು ಹಿಂಜರಿಯುವವರು ನಮ್ಮ ಬಡಾವಣೆಯಲ್ಲಂತೂ ಹೆಚ್ಚು ಇರಲಾರರು. ಬಾಟಲಿ ನೀರಿಗೆ ನಾವು ಅದಕ್ಕಿಂತ ಹೆಚ್ಚು ತೆರುತ್ತಿದ್ದೇವೆ.

ಕಳೆದ ಬಾರಿ ಮೊಮ್ಮಗಳು ಫೋನಿನಲ್ಲಿ ಮಾತನಾಡುವಾಗ ಕಣಕುಂಬಿಯ ಕುಂಡದ ಚಿತ್ರ ಕಳಿಸಿದ್ದನ್ನು ನೆನಪಿಸಿದಳು. ರಜೆಗೆ ಬಂದಾಗ ತನಗೂ ತೋರಿಸಬೇಕಂತೆ. ಬೈಲೂರು ಗುಡ್ಡ ಇನ್ನೂ ಬಾಕಿಯಿದೆ. ಅವಳು ಬರುವುದರೊಳಗೆ ನಾನೊಮ್ಮೆ ನೋಡಿ ಬರಬೇಕು.