ಗೆರೆಯಿಲ್ಲದ ಕನ್ನಡಕದ ಹಿಂದಿನ ಮಿಲಿಮೀಟರ್ ಲೆಕ್ಕ

ಆಪ್ಟಿಕಲ್ಸ್ ಅಂಗಡಿಯಲ್ಲಿ, ದೂರದಿಂದ ಹತ್ತಿರಕ್ಕೆ ನಂಬರು ಗೆರೆಯಿಲ್ಲದೆ ಏರುವ ಪ್ರೋಗ್ರೆಸಿವ್ ಕನ್ನಡಕ ಕೈಗಿಡುವಾಗ ಜೊತೆಗೊಂದು ಮಾತನ್ನೂ ಹೇಳಿ ಕಳಿಸುತ್ತಾರೆ: ‘ಎರಡು ವಾರ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ.’ ಈ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೆಟ್ಟಿಲಿಳಿಯುವಾಗ ನೆಲ ತೇಲಿದಂತಾಗುವುದು, ತಲೆ ತಿರುಗಿಸಿದಾಗ ಬಾಗಿಲಿನ ಚೌಕಟ್ಟು ಬಳುಕಿದಂತೆ ಕಾಣುವುದು, ಇಂಥವಕ್ಕೆ ಮಿದುಳು ನಿಜವಾಗಿಯೂ ಒಗ್ಗಿಕೊಳ್ಳುತ್ತದೆ. ಆದರೆ ಲೆನ್ಸು ಇರಬೇಕಾದ ಜಾಗಕ್ಕಿಂತ ಮೂರು ಮಿಲಿಮೀಟರ್ ಕೆಳಗೆ ಕೂತಿದ್ದರೆ ಅದಕ್ಕೆ ಅಭ್ಯಾಸ ಮದ್ದಲ್ಲ. ಪೇಪರ್ ಓದಲು ದಿನವಿಡೀ ಗದ್ದ ಎತ್ತಿ ಕೂತರೆ ಲೆನ್ಸಿನ ತಪ್ಪಿಗೆ ಕತ್ತು ದಂಡ ತೆರುತ್ತಿದೆ ಎಂದಷ್ಟೇ ಅರ್ಥ. ಒಗ್ಗಬೇಕಾದ ತೊಂದರೆಯನ್ನೂ ತಿದ್ದಬೇಕಾದ ತಪ್ಪನ್ನೂ ‘ಅಭ್ಯಾಸ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಬಿಟ್ಟಿರುವುದರಿಂದಲೇ ಎಷ್ಟೋ ಜನರ ದುಬಾರಿ ಕನ್ನಡಕ ತಿಂಗಳೊಳಗೆ ಬೀರು ಸೇರುತ್ತದೆ, ಹಳೆಯ ಬೈಫೋಕಲ್ ಮತ್ತೆ ಮೂಗೇರುತ್ತದೆ. ಇವೆರಡು ಬೇರೆ ಬೇರೆ ಯಾಕೆ ಎಂಬುದು ಈ ಲೆನ್ಸು ಹುಟ್ಟಿ ಬೆಳೆದ ದಾರಿಯನ್ನು ನೋಡಿದರೆ ಸ್ಪಷ್ಟವಾಗುತ್ತದೆ.

ನಲವತ್ತರ ಮೇಲೆ ಹತ್ತಿರದ್ದು ಮಸುಕಾಗುವ ಚಾಳೀಸು ಕಾಯಿಲೆಯಲ್ಲ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಗಟ್ಟಿಯಾಗುತ್ತದೆ, ಬಾಗಿ ಹತ್ತಿರದ್ದನ್ನು ಹಿಡಿಯುವ ಶಕ್ತಿ ಕುಂದುತ್ತದೆ. ಈ ಶಕ್ತಿಯನ್ನು ಅಳೆಯುವುದು ಡಯಾಪ್ಟರ್ ಎಂಬ ಮಾನದಲ್ಲಿ. ಇಪ್ಪತ್ತರ ಹರೆಯದಲ್ಲಿ ಹತ್ತು ಡಯಾಪ್ಟರ್‌ನಷ್ಟಿರುವ ಈ ಶಕ್ತಿ ಐವತ್ತರ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿದಿರುತ್ತದೆ. ದೂರಕ್ಕೊಂದು, ಓದಲೊಂದು ಎಂದು ಎರಡು ಕನ್ನಡಕ ಹೊತ್ತು ತಿರುಗಿ ಬೇಸತ್ತ ಬೆಂಜಮಿನ್ ಫ್ರಾಂಕ್ಲಿನ್, ಎರಡರ ಗಾಜನ್ನೂ ಅರ್ಧಕ್ಕೆ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಕೂರಿಸಿಕೊಂಡ. ಪ್ಯಾರಿಸ್ ಬಳಿಯ ಪಾಸಿಯಲ್ಲಿದ್ದ ಆತ 1785ರ ಮೇ ತಿಂಗಳಲ್ಲಿ ಲಂಡನ್ನಿನ ಗೆಳೆಯ ಜಾರ್ಜ್ ವಾಟ್ಲಿಗೆ ಬರೆದ ಪತ್ರದಲ್ಲಿ ಇದರ ವಿವರವಿದೆ. ಊಟದ ಮೇಜಿನಲ್ಲಿ ತಟ್ಟೆಯೂ ಕಾಣುತ್ತದೆ, ಎದುರಿಗೆ ಮಾತಾಡುವವರ ಮುಖವೂ ಕಾಣುತ್ತದೆ, ಮುಖ ಕಂಡರೆ ಅವರ ಫ್ರೆಂಚ್ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ ಎಂದು ಆತ ಸಂತೋಷಪಟ್ಟಿದ್ದ. 1827ರಲ್ಲಿ ಜಾನ್ ಐಸಾಕ್ ಹಾಕಿನ್ಸ್ ಮೂರು ಪಟ್ಟಿಯ ಕನ್ನಡಕಕ್ಕೆ ಪೇಟೆಂಟ್ ಪಡೆದ. 1908ರಲ್ಲಿ ಬಂದ ಕ್ರಿಪ್ಟಾಕ್, ಓದುವ ತುಣುಕನ್ನು ಗಾಜಿನೊಳಗೇ ಬೆಸೆದು ಗೆರೆಯನ್ನು ಮಂಕು ಮಾಡಿತು. ಆ ಹೆಸರು ನಮ್ಮ ಹಳೆಯ ಆಪ್ಟಿಕಲ್ಸ್ ಅಂಗಡಿಗಳಲ್ಲಿ ಇನ್ನೂ ಬಳಕೆಯಲ್ಲಿದೆ. ಇವೆಲ್ಲ ಕಣ್ಣಿಗೆ ಕೊಟ್ಟದ್ದು ಎರಡೋ ಮೂರೋ ನಿಗದಿತ ದೂರ ಮಾತ್ರ. ಓದಲು ಎರಡೂವರೆ ಡಯಾಪ್ಟರ್ ಹೆಚ್ಚು ಬೇಕಾದವರಿಗೆ ಬೈಫೋಕಲ್‌ನ ಕೆಳಭಾಗದಲ್ಲಿ ಸುಮಾರು 40 ಸೆಂಟಿಮೀಟರ್ ದೂರದ್ದು ಚೆನ್ನಾಗಿ ಕಾಣುತ್ತದೆ, ಮೇಲ್ಭಾಗದಲ್ಲಿ ಬಸ್ಸಿನ ಬೋರ್ಡು ಕಾಣುತ್ತದೆ. ನಡುವಿನ ಕಂಪ್ಯೂಟರ್ ಪರದೆ, ಒಲೆಯ ಮೇಲಿನ ಒಗ್ಗರಣೆ, ಅಂಗಡಿಯ ಕಪಾಟಿನ ಬೆಲೆಚೀಟಿ ಎರಡಕ್ಕೂ ಸೇರದೆ ಮಬ್ಬಾಗಿ ಉಳಿಯುತ್ತವೆ. ಅದರ ಮೇಲೆ, ನೋಟ ಗೆರೆ ದಾಟುವಾಗ ಕಂಡದ್ದೆಲ್ಲ ಒಮ್ಮೆ ನೆಗೆಯುತ್ತದೆ.

ಮೇಲಿನಿಂದ ಕೆಳಕ್ಕೆ ನಂಬರು ತಾನಾಗಿ ಏರುತ್ತಾ ಹೋಗುವ ಒಂದೇ ಮೇಲ್ಮೈ ಇದ್ದರೆ ಈ ಕಷ್ಟ ತಪ್ಪುತ್ತದೆ ಎಂಬ ಆಲೋಚನೆ ಇಂಗ್ಲೆಂಡಿನ ಓವನ್ ಏವ್ಸ್‌ಗೆ 1907ರಲ್ಲೇ ಬಂದಿತ್ತು. ಪೇಟೆಂಟ್ ಸಿಕ್ಕಿತು, ಕನ್ನಡಕ ಮಾತ್ರ ಮಾರುಕಟ್ಟೆಗೆ ಬರಲಿಲ್ಲ. ಅದನ್ನು ನಿಜ ಮಾಡಿದವರು ಫ್ರಾನ್ಸಿನ ಬರ್ನಾರ್ಡ್ ಮೆತನಾ. ಅಪ್ಪನ ಬೈಫೋಕಲ್ ಹಾಕಿ ನೋಡಿದ ಈ ಯುವ ಎಂಜಿನಿಯರ್‌ಗೆ ಆ ನೆಗೆತ ಸರಿಬರಲಿಲ್ಲ. ಆಗ ಅವರು ಕೆಲಸ ಮಾಡುತ್ತಿದ್ದದ್ದು ಕನ್ನಡಕ ತಯಾರಕರ ಹಳೆಯ ಸಂಸ್ಥೆ ಎಸ್ಸೆಲ್‌ನಲ್ಲಿ. ಮುಂದೆ 1972ರಲ್ಲಿ ಇದು ಸಿಲೋರ್ ಎಂಬ ಇನ್ನೊಂದು ಕಂಪನಿಯ ಜೊತೆ ಸೇರಿ ಎಸ್ಸಿಲೋರ್ ಆಯಿತು. ಐವತ್ತರ ದಶಕದ ಬಹುಪಾಲು ಅವರಿಗೆ ಗೆರೆಯಿಲ್ಲದ ಲೆನ್ಸು ರೂಪಿಸುವ ಕೆಲಸಕ್ಕೇ ಹಿಡಿಯಿತು. ಮಾಮೂಲಿ ಲೆನ್ಸು ಗೋಲದ ತುಣುಕು, ಹೇಗೆ ತಿರುಗಿಸಿ ಉಜ್ಜಿದರೂ ಆಕಾರ ಕೆಡುವುದಿಲ್ಲ. ಬಿಂದುವಿನಿಂದ ಬಿಂದುವಿಗೆ ಬಾಗು ಬದಲಾಗುವ ಮೇಲ್ಮೈಯನ್ನು ಹಾಗೆ ಉಜ್ಜಲಾಗದು. ಕೆತ್ತುವ ಯಂತ್ರವನ್ನೂ, ಕೆತ್ತಿದ್ದು ಸರಿಯಿದೆಯೇ ಎಂದು ಅಳೆಯುವ ಉಪಕರಣವನ್ನೂ ಹೊಸದಾಗಿ ಕಟ್ಟಬೇಕಾಯಿತು. 1959ರಲ್ಲಿ ವಾರಿಲಕ್ಸ್ ಎಂಬ ಹೆಸರಿನಲ್ಲಿ ಆ ಲೆನ್ಸು ಮಾರಾಟಕ್ಕೆ ಬಂತು. ಗೆರೆ ಇರಲಿಲ್ಲ, ನೆಗೆತವೂ ಇರಲಿಲ್ಲ. ಆದರೆ ಎರಡೂ ಪಕ್ಕದಲ್ಲಿ ನೋಟ ಕೆಡುತ್ತಿತ್ತು. ಆ ಕೆಡುಕನ್ನು ಹದಗೊಳಿಸಿದ ವಾರಿಲಕ್ಸ್ 2 ಬಂದದ್ದು 1972ರಲ್ಲಿ.

ಪಕ್ಕದ ಆ ಮಬ್ಬು ಕೈಕೆಲಸದ ದೋಷವಲ್ಲ ಎಂಬುದನ್ನು 1963ರಲ್ಲಿ ಜರ್ಮನಿಯ ಗಣಿತಜ್ಞ ಗುಂಟರ್ ಮಿಂಕ್‌ವಿಟ್ಸ್ ಸಾಧಿಸಿ ತೋರಿಸಿದ. ಲೆನ್ಸಿನ ನಡುವೆ ಮೇಲಿನಿಂದ ಕೆಳಕ್ಕೆ ನಂಬರು ಎಷ್ಟು ವೇಗವಾಗಿ ಏರುತ್ತದೋ, ಆ ನಡುಗೆರೆಯಿಂದ ಪಕ್ಕಕ್ಕೆ ಸರಿದಂತೆ ಬೇಡದ ಸಿಲಿಂಡರ್, ಅಂದರೆ ನೋಟವನ್ನು ಒಂದು ದಿಕ್ಕಿನಲ್ಲಿ ಮಬ್ಬಾಗಿಸುವ ನಂಬರು, ಅದರ ಇಮ್ಮಡಿ ವೇಗದಲ್ಲಿ ಏರುತ್ತದೆ. ನನ್ನ ಮಟ್ಟಿಗೆ ಈ ಇಡೀ ಕಥೆಯ ಬೆನ್ನುಮೂಳೆ ಇದೇ, ಹಾಗಾಗಿ ಒಂದು ಲೆಕ್ಕ ಮಾಡಿ ನೋಡೋಣ. ಚೀಟಿಯಲ್ಲಿ ಆಡ್, ಅಂದರೆ ಓದಲು ಹೆಚ್ಚಾಗಿ ಬೇಕಾದ ನಂಬರು, 2.00 ಇದೆ, ಏರಿಕೆಯ ಉದ್ದ 14 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರ್‌ಗೆ ನಂಬರು 0.14ರಷ್ಟು ಏರುತ್ತದೆ, ಪಕ್ಕಕ್ಕೆ ಸಿಲಿಂಡರ್ 0.28ರಷ್ಟು ಏರುತ್ತದೆ. ಅರ್ಧ ಡಯಾಪ್ಟರ್ ಸಿಲಿಂಡರನ್ನು ಕಣ್ಣು ಸಹಿಸಿಕೊಳ್ಳುತ್ತದೆ ಎಂದುಕೊಂಡರೂ ನಡುಗೆರೆಯಿಂದ ಎಡಕ್ಕೆ 1.75, ಬಲಕ್ಕೆ 1.75 ಮಿಲಿಮೀಟರ್ ದಾಟುವಷ್ಟರಲ್ಲಿ ಆ ಮಿತಿ ಮುಗಿಯಿತು. ಅಂದರೆ ನಡುದೂರವನ್ನು ನೋಡುವ ಸ್ಪಷ್ಟ ಓಣಿಯ ಅಗಲ ಮೂರೂವರೆ ಮಿಲಿಮೀಟರ್. ಏರಿಕೆಯನ್ನು 18 ಮಿಲಿಮೀಟರ್‌ಗೆ ಹಿಗ್ಗಿಸಿದರೆ ಓಣಿ ನಾಲ್ಕೂವರೆಗೆ ಅಗಲವಾಗುತ್ತದೆ, ಆದರೆ ಓದುವ ಭಾಗ ಇನ್ನೂ ಕೆಳಗಿಳಿದು ಚಿಕ್ಕ ಫ್ರೇಮಿನ ಹೊರಗೆ ಬೀಳುತ್ತದೆ. ವಿನ್ಯಾಸಕಾರ ಈ ಮಬ್ಬನ್ನು ಅಂಚಿಗೆ ಒತ್ತರಿಸಬಹುದು, ಇಲ್ಲವೇ ತೆಳುವಾಗಿ ಎಲ್ಲೆಡೆ ಹರಡಬಹುದು. ಇಲ್ಲವಾಗಿಸಲು ಯಾರಿಂದಲೂ ಆಗದು.

ಮಿದುಳು ಒಗ್ಗುವುದು ಈ ತಪ್ಪಿಸಲಾಗದ ಭಾಗಕ್ಕೆ. ತಲೆ ತಿರುಗಿದಾಗಲೆಲ್ಲ ಒಳಗಿವಿ ಕೊಟ್ಟ ಸೂಚನೆಯಂತೆ ಕಣ್ಣು ಎದುರು ದಿಕ್ಕಿಗೆ ಅಷ್ಟೇ ಹೊರಳಿ ನೋಟವನ್ನು ನಿಲ್ಲಿಸಿ ಹಿಡಿಯುತ್ತದೆ. ಹೊಸ ಲೆನ್ಸಿನಲ್ಲಿ ಜಾಗದಿಂದ ಜಾಗಕ್ಕೆ ಹಿಗ್ಗು ಬೇರೆ, ಆದ್ದರಿಂದ ಹಳೆಯ ಲೆಕ್ಕ ತಪ್ಪಿ ಜಗತ್ತು ಈಜಿದಂತೆ ಕಾಣುತ್ತದೆ. ಬೆಳಗ್ಗೆಯಿಂದ ಸಂಜೆಯವರೆಗೆ ಅದೇ ಕನ್ನಡಕ ಹಾಕಿದ್ದರೆ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದಲ್ಲಿ, ಮಿದುಳು ಹೊಸ ಲೆಕ್ಕ ಕಲಿಯುತ್ತದೆ. ಹೊಸದನ್ನು ಒಂದು ಗಂಟೆ, ಹಳೆಯದನ್ನು ನಾಲ್ಕು ಗಂಟೆ ಹಾಕಿದರೆ ಯಾವುದನ್ನೂ ಕಲಿಯುವುದಿಲ್ಲ. ಇದರ ಜೊತೆಗೆ ದೇಹವೂ ಒಂದೆರಡು ಅಭ್ಯಾಸ ಬೆಳೆಸಿಕೊಳ್ಳಬೇಕು. ಪಕ್ಕದ್ದನ್ನು ನೋಡಲು ಕಣ್ಣು ಹೊರಳಿಸುವ ಬದಲು ಮೂಗು ಅತ್ತ ತಿರುಗಬೇಕು, ಮೆಟ್ಟಿಲಿಳಿಯುವಾಗ ಗದ್ದ ಎದೆಗೆ ತಾಗುವಷ್ಟು ತಲೆ ತಗ್ಗಿಸಿ ಲೆನ್ಸಿನ ಮೇಲ್ಭಾಗದಿಂದ ಪಾದದ ಜಾಗ ನೋಡಬೇಕು, ಪುಸ್ತಕ ಓದುವಾಗ ತಲೆ ನೆಟ್ಟಗಿಟ್ಟು ಕಣ್ಣನ್ನಷ್ಟೇ ಇಳಿಸಬೇಕು.

ಓಣಿಯ ಅಗಲ ಮೂರೂವರೆ ಮಿಲಿಮೀಟರ್ ಎಂದಮೇಲೆ ಅದನ್ನು ಕಣ್ಣುಪಾಪೆಯ ಎದುರಿಗೇ ತಂದು ನಿಲ್ಲಿಸುವ ಕೆಲಸ ಎಷ್ಟು ನಾಜೂಕಿನದು ಎಂದು ಬೇರೆ ಹೇಳಬೇಕಿಲ್ಲ. ಅದು ನಡೆಯುವುದು ಅಂಗಡಿಯ ಕೌಂಟರಿನಲ್ಲಿ. ಕ್ರಮ ತಿಳಿದವರು ಮೊದಲು ಅಳೆಯುವುದಿಲ್ಲ, ಆರಿಸಿದ ಫ್ರೇಮನ್ನು ಮುಖಕ್ಕೆ ಕೂರಿಸುತ್ತಾರೆ: ಮೂಗಿನ ಪ್ಯಾಡ್ ಬಗ್ಗಿಸುತ್ತಾರೆ, ಕಿವಿಯ ಹಿಂದೆ ಕಡ್ಡಿಯ ತುದಿ ಬಾಗಿಸುತ್ತಾರೆ, ಫ್ರೇಮಿನ ಕೆಳ ಅಂಚು ಕೆನ್ನೆಯತ್ತ ತುಸು ವಾಲುವಂತೆ ಮಾಡುತ್ತಾರೆ. ಆಮೇಲೆ ಗಿರಾಕಿಯ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಎದುರು ಕೂರುತ್ತಾರೆ. ತಮ್ಮ ಬಲಗಣ್ಣು ಮುಚ್ಚಿ, ತೆರೆದ ಎಡಗಣ್ಣನ್ನೇ ನೋಡಲು ಹೇಳಿ, ಗಿರಾಕಿಯ ಬಲ ಪಾಪೆಯ ನಡುವಿಗೆ ಡೆಮೊ ಲೆನ್ಸಿನ ಮೇಲೆ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಡುತ್ತಾರೆ. ಕಣ್ಣು ಬದಲಿಸಿ ಇನ್ನೊಂದಕ್ಕೂ ಹಾಗೆಯೇ. ಎರಡು ಕಣ್ಣಿನ ನಡುವಿನ ಒಟ್ಟು ಅಂತರವನ್ನು, ಅಂದರೆ ಪಿ.ಡಿ.ಯನ್ನು, ಅರ್ಧ ಮಾಡಿ ಬರೆಯುವುದು ಇಲ್ಲಿ ಸಲ್ಲದು. ಹಲವರ ಮೂಗಿನ ನಡುವಿನಿಂದ ಒಂದು ಪಾಪೆ 31 ಮಿಲಿಮೀಟರ್ ದೂರವಿದ್ದರೆ ಇನ್ನೊಂದು 33 ಇರುತ್ತದೆ. ಅರ್ಧ ಮಾಡಿ 32 ಎಂದು ಬರೆದರೆ ಎರಡೂ ಓಣಿ ಒಂದೇ ಪಕ್ಕಕ್ಕೆ ಸರಿಯುತ್ತವೆ, ಹಾಕಿಕೊಂಡವರು ಪರದೆಯನ್ನು ನೋಡಲು ತಮಗೇ ತಿಳಿಯದೆ ಮುಖ ಓರೆ ಮಾಡುತ್ತಾರೆ. ಒಟ್ಟು ಅಂತರವೇ ತಪ್ಪಿ 64ರ ಬದಲು 62 ಆದರೆ ಪೆಟ್ಟು ಇನ್ನೂ ಜೋರು: ಎರಡು ಓಣಿಗಳು ಎದುರುಬದುರು ದಿಕ್ಕಿಗೆ ಜರುಗಿ, ಎರಡೂ ಕಣ್ಣಿಗೆ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಅಗಲ ಮೂರೂವರೆಯಿಂದ ಒಂದೂವರೆ ಮಿಲಿಮೀಟರ್‌ಗೆ ಇಳಿಯುತ್ತದೆ. ಫ್ರೇಮಿನ ಕೆಳ ಅಂಚಿನಿಂದ ಚುಕ್ಕೆಯ ಎತ್ತರ ಹೆಚ್ಚಾದರೆ ನೇರ ನೋಟಕ್ಕೇ ಓದುವ ನಂಬರು ಅಡ್ಡ ಬಂದು ದೂರ ಮಸುಕಾಗುತ್ತದೆ, ಗದ್ದ ಕೆಳಗಿಳಿಯುತ್ತದೆ. ಕಡಿಮೆಯಾದರೆ ಓದಲು ಗದ್ದ ಮೇಲೇಳುತ್ತದೆ.

ಈ ತಪ್ಪುಗಳನ್ನು ಹಿಡಿಯುವ ದಾರಿ ಲೆನ್ಸಿನ ಮೈಮೇಲೆಯೇ ಇದೆ. ಕಾರ್ಖಾನೆಯಿಂದ ಬಂದ ಪ್ರೋಗ್ರೆಸಿವ್ ಲೆನ್ಸಿನ ಮೇಲೆ ಬಣ್ಣದ ಶಾಯಿಯಲ್ಲಿ ಒಂದು ಪ್ಲಸ್ ಗುರುತು, ಅದರ ಮೇಲೆ ದೂರದ ನಂಬರು ಅಳೆಯುವ ಜಾಗ, ಕೆಳಗೆ ಹತ್ತಿರದ ನಂಬರಿನ ವೃತ್ತ ಅಚ್ಚಾಗಿರುತ್ತವೆ. ಫ್ರೇಮಿಗೆ ಕೂರಿಸಿದ ಮೇಲೆ, ಶಾಯಿ ಒರೆಸುವ ಮೊದಲು, ಗಿರಾಕಿಗೆ ಹಾಕಿಸಿ ನೋಡಬೇಕು. ನೇರ ನೋಡಿದಾಗ ಪ್ಲಸ್ ಪಾಪೆಯ ನಡುವಿಗೇ ಬರಬೇಕು. ಒಂದು ನಿಮಿಷದ ಕೆಲಸ. ಕನ್ನಡಕ ಚೊಕ್ಕವಾಗಿ ಕಾಣಲಿ ಎಂದು ಮೊದಲೇ ಸ್ಪಿರಿಟ್‌ನಲ್ಲಿ ಒರೆಸಿ ಡಬ್ಬಿಯಲ್ಲಿಟ್ಟು ಕೊಡುವ ಪದ್ಧತಿ ಈ ಒಂದು ನಿಮಿಷವನ್ನು ಕಸಿದುಕೊಳ್ಳುತ್ತದೆ. ಒರೆಸಿದ್ದರೂ ಎಲ್ಲ ಮುಗಿಯಿತು ಎಂದಲ್ಲ. ಪ್ರತಿ ಲೆನ್ಸಿನಲ್ಲೂ 34 ಮಿಲಿಮೀಟರ್ ಅಂತರದಲ್ಲಿ ಎರಡು ನವಿರಾದ ಗುರುತುಗಳನ್ನು ಕೊರೆದಿರುತ್ತಾರೆ, ಅವು ಎಂದೂ ಅಳಿಯವು. ಲೆನ್ಸಿಗೆ ಬಾಯಿಯ ಹಬೆ ಊದಿ ಬೆಳಕಿಗೆ ಓರೆಯಾಗಿ ಹಿಡಿದರೆ ಅವು ಮೂಡುತ್ತವೆ; ಕಿವಿಯ ಕಡೆಯ ಗುರುತಿನ ಕೆಳಗೆ ಆಡ್ ಎಷ್ಟೆಂಬ ಅಂಕಿಯೂ ಇರುತ್ತದೆ. ಈ ಎರಡು ಗುರುತು ಹಿಡಿದು ಕಂಪನಿಯ ನಕ್ಷೆಯ ಮೇಲಿಟ್ಟರೆ ಪ್ಲಸ್ ಎಲ್ಲಿತ್ತು ಎಂದು ಯಾವ ಅಂಗಡಿಯವರೂ ಮತ್ತೆ ಗುರುತಿಸಬಹುದು. ‘ಅಭ್ಯಾಸ ಆಗುತ್ತೆ’ ಎನ್ನುವ ಮೊದಲು ಈ ಪರೀಕ್ಷೆ ನಡೆಯಬೇಕೆಂದು ಕೇಳುವುದು ಗಿರಾಕಿಯ ಹಕ್ಕು.

ಇದೆಲ್ಲ ಹಳೆಯ ಲೆನ್ಸಿನ ಮಾತು, ಈಗ ಕಂಪ್ಯೂಟರೇ ಬಿಂದು ಬಿಂದು ಲೆಕ್ಕ ಹಾಕಿ ಕೆತ್ತುತ್ತದಲ್ಲ ಎಂದು ಕೇಳುವವರಿದ್ದಾರೆ. 2000ರ ಆಸುಪಾಸಿನಿಂದ ಜರ್ಮನಿಯ ಜೈಸ್, ರೊಡೆನ್‌ಸ್ಟಾಕ್‌ನಂಥ ಕಂಪನಿಗಳು ಒಬ್ಬೊಬ್ಬರ ಮುಖಕ್ಕೆ ತಕ್ಕಂತೆ ಲೆನ್ಸು ಕೆತ್ತಿ ಕೊಡುತ್ತಿರುವುದು ನಿಜ, ಅದು ದೊಡ್ಡ ಸಾಧನೆಯೂ ಹೌದು. ಆದರೆ ಆ ಲೆಕ್ಕಕ್ಕೆ ಬೇಕಾದ ಅಂಕಿಗಳು ಬರುವುದು ಕೌಂಟರಿನಿಂದಲೇ: ಕಣ್ಣಿನಿಂದ ಲೆನ್ಸು ಎಷ್ಟು ದೂರ, ಫ್ರೇಮು ಎಷ್ಟು ವಾಲಿದೆ, ಎಷ್ಟು ಬಾಗಿದೆ. ಯಾರೂ ಅಳೆಯದಿದ್ದರೆ ಕಂಪ್ಯೂಟರ್ ಸರಾಸರಿ ಮುಖವೊಂದನ್ನು ಊಹಿಸಿಕೊಂಡು ಕೆತ್ತುತ್ತದೆ, ಗಿರಾಕಿ ಮಾತ್ರ ತನ್ನದೇ ಮುಖದ ಲೆನ್ಸೆಂದು ದುಡ್ಡು ಕೊಡುತ್ತಾನೆ. ಆನ್‌ಲೈನ್‌ನಲ್ಲಿ ಫೋಟೊ ಕಳಿಸಿ ತರಿಸಿಕೊಂಡಾಗಲೂ ಇದೇ ತೊಡಕು: ಫ್ರೇಮು ಮುಖದ ಮೇಲೆ ಕೂರುವ ಮೊದಲೇ ಎತ್ತರದ ಅಂಕಿ ನಿರ್ಧಾರವಾಗಿರುತ್ತದೆ.

ಇಷ್ಟು ರಗಳೆ ಯಾಕೆ, ಓದಲೊಂದು ಸಾದಾ ಕನ್ನಡಕ ಸಾಲದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ನೋಟದ ಅಗ್ಗದ ಕನ್ನಡಕ ಸಿಕ್ಕವರ ಎಲೆ ಕೀಳುವ ಸಾಮರ್ಥ್ಯ ಸಿಗದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚಿತು. ಒಂದೇ ದೂರದ ಕೆಲಸಕ್ಕೆ ಸಾದಾ ಕನ್ನಡಕವೇ ಸರಿ, ಪ್ರೋಗ್ರೆಸಿವ್ ದುಂದು. ವಯಸ್ಸಾದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬೈಫೋಕಲ್, ಪ್ರೋಗ್ರೆಸಿವ್ ಎರಡರ ಕೆಳಭಾಗವೂ ನೆಲವನ್ನು ಮಸುಕು ಮಾಡುತ್ತದೆ. ಇವನ್ನು ಹಾಕುವ ಹಿರಿಯರು ಎಡವಿ ಬೀಳುವುದು ಹೆಚ್ಚು ಎಂದು ಆಸ್ಟ್ರೇಲಿಯಾದ ಸಂಶೋಧಕರು 2002ರಲ್ಲಿ ತೋರಿಸಿದರು. ಅಲ್ಲಿಯದೇ 606 ಮಂದಿಯ ಇನ್ನೊಂದು ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು: ಹೊರಗೆ ಓಡಾಡುವಾಗ ದೂರದ ಸಾದಾ ಕನ್ನಡಕ ಹಾಕಿಸಿದಾಗ, ಹೊರಗೆ ಹೆಚ್ಚು ಓಡಾಡುವವರು ಬೀಳುವುದು ಸುಮಾರು ಶೇ 40ರಷ್ಟು ಇಳಿಯಿತು, ಹೊರಗೆ ಹೋಗುವುದೇ ಅಪರೂಪ ಎಂಬವರು ಮಾತ್ರ ಹೊರಗೆ ಬೀಳುವುದು ಹೆಚ್ಚಾಯಿತು. ಆದ್ದರಿಂದ ಎಲ್ಲರಿಗೂ ಒಂದೇ ಉತ್ತರವಿಲ್ಲ. ದಿನಾ ವಾಕಿಂಗ್ ಹೋಗುವ ಹಿರಿಯರಿಗೆ ಪ್ರೋಗ್ರೆಸಿವ್ ಜೊತೆ ದೂರದ್ದೊಂದು ಬೇರೆ ಇರಲಿ. ಟಿಕೆಟ್ ಯಂತ್ರ, ಚಿಲ್ಲರೆ, ಪ್ರಯಾಣಿಕರ ಮುಖ, ಮುಂದಿನ ಸ್ಟಾಪು ಇಷ್ಟನ್ನೂ ಗಳಿಗೆಗಳಿಗೆಗೆ ನೋಡಬೇಕಾದ ಬಸ್ ಕಂಡಕ್ಟರಿಗೆ, ಬೋರ್ಡು ಮತ್ತು ಪುಸ್ತಕದ ನಡುವೆ ಓಡಾಡುವ ಮೇಷ್ಟರಿಗೆ ಪ್ರೋಗ್ರೆಸಿವ್‌ಗಿಂತ ಒಳ್ಳೆಯ ಲೆನ್ಸು ಇನ್ನೂ ಬಂದಿಲ್ಲ.

ಶುರು ಮಾಡುವ ವಯಸ್ಸಿನ ಬಗ್ಗೆಯೂ ಮಿಂಕ್‌ವಿಟ್ಸ್‌ನ ಲೆಕ್ಕ ಒಂದು ಮಾತು ಹೇಳುತ್ತದೆ. ಆಡ್ 1.00 ಇರುವಾಗ ಅದೇ 14 ಮಿಲಿಮೀಟರ್ ಏರಿಕೆಯಲ್ಲಿ ಓಣಿಯ ಅಗಲ ಏಳು ಮಿಲಿಮೀಟರ್. ಆದ್ದರಿಂದ ನಲವತ್ತೆರಡು, ನಲವತ್ಮೂರರಲ್ಲಿ ತೊಡಗಿದವರಿಗೆ ಒಗ್ಗುವುದು ಸುಲಭ, ಅರವತ್ತಕ್ಕೆ ಮೊದಲ ಸಲ ಹಾಕುವವರಿಗೆ ಕಷ್ಟ ಹೆಚ್ಚು. ವರ್ಷಗಳ ಮೇಲೆ ನಂಬರು ಬದಲಿಸಿದಾಗ ‘ಅದೇ ಕಂಪನಿಯ ಅದೇ ಲೆನ್ಸು, ಈ ಸಲ ಯಾಕೋ ಸರಿಯಿಲ್ಲ’ ಎಂಬ ದೂರು ಕೇಳಿಬರುವುದಕ್ಕೂ ಇದೇ ಕಾರಣ: ಆಡ್ ಏರಿದೆ, ಓಣಿ ಕಿರಿದಾಗಿದೆ, ಹಳೆಯ ಅಳತೆಯಲ್ಲಿದ್ದ ಒಂದು ಮಿಲಿಮೀಟರ್ ತಪ್ಪನ್ನು ಅಗಲದ ಓಣಿ ಇಷ್ಟು ದಿನ ಮುಚ್ಚಿಟ್ಟಿತ್ತು. ಅಂಥ ಸಂದರ್ಭದಲ್ಲಿ ಅಂಗಡಿಯವರು ಹಳೆಯ ಆರ್ಡರ್ ಚೀಟಿ ನೋಡಿ ಪಿ.ಡಿ., ಎತ್ತರ ನಕಲು ಮಾಡಹೊರಟರೆ ಬೇಡವೆನ್ನಿ. ಹೊಸ ಫ್ರೇಮನ್ನು ಮುಖದ ಮೇಲೆ ಕೂರಿಸಿ ಮಾರ್ಕರ್ ಪೆನ್ನಿನಿಂದ ಹೊಸದಾಗಿ ಚುಕ್ಕೆ ಇಡಿಸಿಕೊಳ್ಳಿ.